ಹತ್ತನೇ ವಚನ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುಟದ ಕೆಳಗೆ ಒಂದು ಸಣ್ಣ ಚೌಕಟ್ಟು ಬರುತ್ತದಲ್ಲ, ಒಂದು ವಾರ ಬಸವಣ್ಣನವರ ವಚನ, ಒಂದು ವಾರ ಗೀತೆಯ ಮಾತು, ಒಂದು ವಾರ ಕುರಾನ್, ಒಂದು ವಾರ ಬೈಬಲ್, ಅದನ್ನು ನಾನು ತಪ್ಪದೆ ಓದುತ್ತೇನೆ. ಚಹಾ ಆರಿದರೂ ಸರಿ, ಮೊದಲು ಅದು. ಹೋದ ವಾರ ಬೈಬಲ್ ಸರದಿ. ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ಹಾಕಿದ್ದಿರಿ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದೇ, ನಿಮಗೊಂದು ಗತಿಯಾಗಲಿ, ನಿರೀಕ್ಷೆ ಇರಲಿ ಅಂತಲೇ ನನ್ನ ಯೋಚನೆ ಎಂದು ದೇವರು ಹೇಳುವ ಮಾತು. ಪಕ್ಕದಲ್ಲಿ ಸೂರ್ಯ ಹುಟ್ಟುವ ಚಿತ್ರ. ಚೆನ್ನಾಗಿಯೇ ಇತ್ತು. ಆದರೆ ಆವತ್ತು ನನಗೆ ಚಹಾ ರುಚಿಸಲಿಲ್ಲ.

ನಾನು ಕ್ರೈಸ್ತ, ಬೆಟಗೇರಿಯವನು. 36 ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತನಾದೆ. ದೇವಶಾಸ್ತ್ರ ಕಲಿತವನಲ್ಲ, ಪ್ರಸಂಗ ಮಾಡುವವನೂ ಅಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ಹಿಂದಿನಿಂದ ಎರಡನೇ ಬೆಂಚು, ಫ್ಯಾನಿನ ಕೆಳಗೆ, ಅದು ನನ್ನ ಜಾಗ. ಆದರೆ ಪತ್ರ ಅಂದರೆ ಏನು ಅನ್ನೋದು ನನಗೆ ಸ್ವಲ್ಪ ಗೊತ್ತು. ನೀವು ಹಾಕಿದ ಆ ಸಾಲು ಒಂದು ಪತ್ರದ ಸಾಲು. ಅದಕ್ಕೇ ಈ ಪತ್ರ.

ಶುರುವಿನ ವರ್ಷಗಳಲ್ಲಿ ನನ್ನದು ಹಳ್ಳಿಗಳ ಬೀಟು. ಸೈಕಲ್ಲು, ಖಾಕಿ ಚೀಲ, ಕರಿಮಣ್ಣಿನ ದಾರಿ. ಮಳೆ ಬಿದ್ದರೆ ಸೈಕಲ್ಲೇ ನನ್ನ ಹೆಗಲ ಮೇಲೆ. ಆಗೆಲ್ಲ ಪತ್ರ ಕೊಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕಿತ್ತು. ಒಬ್ಬ ಅವ್ವ ಇದ್ದಳು. ಮಗ ಗೋವಾಕ್ಕೆ ದುಡಿಯಲು ಹೋಗಿದ್ದ. ಅವನ ನೀಲಿ ಇನ್‌ಲ್ಯಾಂಡ್ ಬಂತು. ಓದಿದೆ. ಕೆಲಸ ಬಿಟ್ಟಿದೆ, ಈ ತಿಂಗಳು ರೊಕ್ಕ ಕಳಿಸಲಿಕ್ಕೆ ಆಗಲಿಲ್ಲ, ಕಾಲಿಗೆ ಪೆಟ್ಟಾಗಿದೆ, ಕಾಳಜಿ ಮಾಡಬೇಡ, ದೇವರು ನಡೆಸಿದರೆ ದೀಪಾವಳಿಗೆ ಬರ್ತೇನೆ. ಇಷ್ಟೇ ಇದ್ದದ್ದು. ಅವ್ವ ಎದ್ದವಳೇ ಓಣಿಗೆಲ್ಲ ಸಾರಿದಳು: "ದೀಪಾವಳಿಗೆ ಬರ್ತಾನಂತ!"

ದೀಪಾವಳಿ ಬಂತು, ಮಗ ಬರಲಿಲ್ಲ. ಮುಂದಿನ ವಾರ ನನ್ನ ಸೈಕಲ್ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. "ನೀ ಸುಳ್ಳ ಓದಿದಿ."

"ಇಲ್ಲಬೇ ಅವ್ವಾ, ಕೆಲಸ ಬಿಟ್ಟದ್ದು, ಕಾಲು ಪೆಟ್ಟಾದದ್ದು, ಎಲ್ಲಾ ಓದಿದ್ನೆಲ್ಲ."

"ಅವು ನನಗ ಕೇಳಿಸಲಿಲ್ಲ" ಅಂದಳು. ಸುಳ್ಳಲ್ಲ, ಅವಳಿಗೆ ಖರೇನೇ ಕೇಳಿಸಿರಲಿಲ್ಲ.

ಯೆರೆಮೀಯನ ಆ ಒಂದು ಸಾಲನ್ನು ನಾವು, ಅಂದರೆ ಕ್ರೈಸ್ತರೂ ಸೇರಿ, ಆ ಅವ್ವನ ಹಾಗೆ ಓದುತ್ತೇವೆ. ಗೋಡೆ ಕ್ಯಾಲೆಂಡರಿನಲ್ಲಿ ಅದೇ, ಮದುವೆ ಕಾರ್ಡಿನಲ್ಲಿ ಅದೇ, ಆಟೋ ಹಿಂದೆ ಅದೇ. ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡ್ ತೆಗೆಯುವ ರೂಢಿ ಇದೆ. ಸ್ಟೀಲಿನ ತಟ್ಟೆಯಲ್ಲಿ ಕಾರ್ಡ್‌ಗಳನ್ನು ಬೋರಲು ಹಾಕಿಟ್ಟಿರುತ್ತಾರೆ, ಒಬ್ಬೊಬ್ಬರೇ ಹೋಗಿ ಒಂದು ತೆಗೆದುಕೊಳ್ಳುತ್ತೇವೆ, ಅದು ಆ ವರ್ಷಕ್ಕೆ ನಮ್ಮ ವಾಕ್ಯ. ನನ್ನ ಹೆಂಡತಿಗೆ ಆ ವರ್ಷ ಇದೇ ಸಿಕ್ಕಿತು. ಅವಳಿಗೆ ಕಿಡ್ನಿ ಹೋಗಿತ್ತು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಕಾರ್ಡನ್ನು ಎದೆಗೆ ಹಿಡಿದುಕೊಂಡು ಮನೆಗೆ ಬಂದಳು. ಏಪ್ರಿಲ್‌ನಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಸಂಜೆ ನಮಗೆ ಬೇಕಾದವರೇ ಒಬ್ಬರು ನನ್ನ ಕೈ ಹಿಡಿದು ಅದೇ ವಚನ ಹೇಳಿದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದೆ.

ಕಾರ್ಡು ಹರಿದು ಹಾಕಲಿಲ್ಲ. ಅವಳ ಸತ್ಯವೇದದೊಳಗೇ, ಅಂದರೆ ಬೈಬಲ್ಲಿನೊಳಗೇ ಇಟ್ಟೆ. ಆದರೆ ಒಂದೂವರೆ ವರ್ಷ ಆ ಪುಟದ ಕಡೆ ಹೋಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಕರೆಂಟ್ ಹೋಗಿತ್ತು, ಮಾಡಲು ಬೇರೆ ಕೆಲಸ ಇರಲಿಲ್ಲ, ಸುಮ್ನೆ ಕೂತು ಅಧ್ಯಾಯವನ್ನು ಮೊದಲ ವಚನದಿಂದ ಓದಿದೆ. ಅಷ್ಟು ವರ್ಷ ಸಭೆಗೆ ಹೋದರೂ ಪೂರ್ತಿ ಓದಿದ್ದು ಅದೇ ಮೊದಲು, ಹೇಳಿಕೊಳ್ಳಲು ನಾಚಿಕೆ. ಮೊದಲನೇ ವಚನದಲ್ಲೇ ಬರೆದಿದೆ: ಇದು ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಕಳಿಸಿದ ಪತ್ರ. ಮೂರನೇ ವಚನದಲ್ಲಿ ಪತ್ರ ಒಯ್ದವರ ಹೆಸರು: ಶಾಫಾನನ ಮಗ ಎಲ್ಲಾಸ, ಹಿಲ್ಕೀಯನ ಮಗ ಗೆಮರ್ಯ. ಪತ್ರ ತಲುಪಿಸಿದವರ ಹೆಸರು, ತಂದೆಯ ಹೆಸರು ಸಮೇತ! 36 ವರ್ಷ ಚೀಲ ಹೊತ್ತವನಿಗೆ ಇದಕ್ಕಿಂತ ಇನ್ನೇನು ಬೇಕು? ದಾರಿ ಎಷ್ಟು ದೂರ ಅಂತೀರಿ, ಮುಂದೆ ಎಜ್ರ ಎಂಬುವನು ಅದೇ ಬಾಬೆಲಿನಿಂದ ಯೆರೂಸಲೇಮಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು ಎಂದು ಅವನ ಪುಸ್ತಕದಲ್ಲೇ ಇದೆ.

ಪತ್ರ ಯಾರಿಗೆ? ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಎಂಬ ಬಾಬೆಲಿನ ಅರಸ ಯೆರೂಸಲೇಮಿನಿಂದ ಅರಸನನ್ನು, ದೊಡ್ಡವರನ್ನು, ಬಡಗಿ ಕಮ್ಮಾರರನ್ನು ಹಿಡಿದು ಸಾಗಿಸಿದನಲ್ಲ, ಅವರಿಗೆ. ಊರು ಬಿಟ್ಟವರು, ಗಂಟು ಬಿಚ್ಚದೆ ಕೂತವರು. ಇವತ್ತಲ್ಲ ನಾಳೆ ವಾಪಸ್ ಹೋಗ್ತೀವಿ ಅಂದುಕೊಂಡವರು. ಅವರ ಆಸೆಗೆ ತುಪ್ಪ ಸುರಿಯಲು ಹನನ್ಯ ಎಂಬ ಪ್ರವಾದಿ ಇದ್ದ. ಹಿಂದಿನ ಅಧ್ಯಾಯದಲ್ಲಿ ಅವನ ಕಥೆ ಇದೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಎಲ್ಲರೆದುರು ಹೇಳಿ, ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗ ಮುರಿದು ಹಾಕಿದ. ಜನ ಚಪ್ಪಾಳೆ ಹೊಡೆದಿರಬೇಕು. ನಾನಿದ್ದರೆ ನಾನೂ ಹೊಡೆಯುತ್ತಿದ್ದೆ.

ಯೆರೆಮೀಯ ಬರೆದದ್ದು ಬೇರೆ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳ ಮದುವೆ ಮಾಡಿ. ನಿಮ್ಮನ್ನು ಹಿಡಿದು ತಂದವರ ಆ ಊರು ಚೆನ್ನಾಗಿರಲಿ ಎಂದು ಪ್ರಾರ್ಥಿಸಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಆಮೇಲೆ ಬರುತ್ತದೆ ಹತ್ತನೇ ವಚನ: ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ಹನ್ನೊಂದನೇದು, ನೀವು ಹಾಕಿದ್ದು, ಅದರ ನಂತರ.

ಎಪ್ಪತ್ತು ವರ್ಷ, ಸಂಪಾದಕರೇ! ಆ ಪತ್ರವನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗಿರಬೇಕು. ಮೊಮ್ಮಕ್ಕಳು ಹೋಗಿರಬಹುದು. ಇದನ್ನು ಓದಿದ ಕೂಡಲೇ ನನಗೆ ಎದೆ ಹಗುರವಾಯಿತು ಅಂದರೆ ನಿಮಗೆ ವಿಚಿತ್ರ ಅನಿಸಬಹುದು. ಆದರೆ ಆದದ್ದು ಹಾಗೆ. ಅವಳ ಕೈಯಲ್ಲಿದ್ದ ಕಾರ್ಡು ಅವಳಿಗೆ ಮೋಸ ಮಾಡಿರಲಿಲ್ಲ, ಆ ಕಾರ್ಡನ್ನು ಕತ್ತರಿಸಿದವರು ಮೇಲಿನ ಸಾಲನ್ನು ಹೊರಗೆ ಬಿಟ್ಟಿದ್ದರು, ಅಷ್ಟೇ. ಮತ್ತೆ ಆ 'ಗತಿ' ಅನ್ನೋ ಮಾತು. ಇಂಗ್ಲಿಷ್ ಬೈಬಲ್ ಓದುವ ನನ್ನ ಮಗಳು ಅಲ್ಲಿ ಭವಿಷ್ಯ ಎಂಬ ಅರ್ಥದ ಶಬ್ದ ಇದೆ ಅನ್ನುತ್ತಾಳೆ. ಭವಿಷ್ಯ ಬೇರೆ, ಗತಿ ಬೇರೆ. ಭವಿಷ್ಯ ಅಂದರೆ ಗಿಳಿಶಾಸ್ತ್ರದವನು ಹೇಳೋದು. ಗತಿ ಅಂದರೆ, ನೀನೇ ಗತಿ ಅನ್ನುತ್ತೇವಲ್ಲ, ಏನು ಗತಿ ಬಂತಪ್ಪಾ ಅಂತಲೂ ಅನ್ನುತ್ತೇವಲ್ಲ, ಆ ಎರಡೂ ಒಂದೇ ಮಾತಿನಲ್ಲಿ. ನಮ್ಮ ಹಳೆಯ ಅನುವಾದಕರಿಗೆ ಕೈಮುಗಿಯಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್‌ರಿಂದ ಶುರುವಾಗಿ ಎಷ್ಟೋ ಜನ, ಅವರ ಜೊತೆ ಹೆಸರು ಉಳಿಯದ ಎಷ್ಟೋ ಕನ್ನಡದ ಮುನ್ಷಿಗಳು, ಒಂದೊಂದು ಶಬ್ದಕ್ಕೆ ತಲೆ ಕೆಡಿಸಿಕೊಂಡು ಕೂತಿರಬೇಕು. ಮುಂದೆ ಅದನ್ನು ತಿದ್ದುವ ಕೆಲಸದಲ್ಲಿ ಕೈಯಿಟ್ಟವರಲ್ಲಿ ಹರ್ಮನ್ ಮೋಗ್ಲಿಂಗ್ ಒಬ್ಬರು, 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು, ಅಂದರೆ ನಿಮ್ಮ ವೃತ್ತಿಯ ಮೂಲಪುರುಷರು. ಬೈಬಲ್ಲಿನ ವಿಷಯ ಪತ್ರಿಕೆಗೆ ಬರೆಯುವುದು ಹಾಗಾಗಿ ತೀರಾ ಹೊರಗಿನ ಮಾತೇನಲ್ಲ, ಅಲ್ವಾ.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಡಯಾಲಿಸಿಸ್ ಶುರುವಾದ ವರ್ಷ ಅವಳು ಹಿತ್ತಲಲ್ಲಿ ನುಗ್ಗೆ ಕೊಂಬೆ ನೆಟ್ಟಳು. ಈಗ್ಯಾಕ ಇದೆಲ್ಲ ಅಂತ ನಾನು ರೇಗಿದ್ದೆ. ತೋಟ ಮಾಡಿ ಎಂಬ ಐದನೇ ವಚನ ಓದುವಾಗ ಎದ್ದು ಹೋಗಿ ನೋಡಿದೆ. ಕಾಯಿ ಬಿಟ್ಟಿತ್ತು. ಆಚೆ ಮನೆಯವರು ಗೋಡೆಯ ಮೇಲಿಂದ ಕೊಕ್ಕೆ ಹಾಕಿ ಎಳೆದುಕೊಳ್ಳುತ್ತಿದ್ದರು.

ಆ ಅಧ್ಯಾಯದ ಕೊನೆ ತಮಾಷೆಯಾಗಿದೆ. ಯೆರೆಮೀಯನ ಪತ್ರ ಬಾಬೆಲಿಗೆ ಮುಟ್ಟಿದ ಮೇಲೆ ಅಲ್ಲಿಂದ ಶೆಮಾಯ ಎಂಬವನು ಯೆರೂಸಲೇಮಿನ ಯಾಜಕನಿಗೆ ದೂರು ಬರೆಯುತ್ತಾನೆ: ಈ ಯೆರೆಮೀಯ ಇನ್ನೂ ಬಹಳ ಕಾಲ ಇದೆ, ಮನೆ ಕಟ್ಟಿಕೊಳ್ಳಿ ಎಂದು ಬರೆದಿದ್ದಾನೆ, ನೀನು ಅವನನ್ನು ಯಾಕೆ ಗದರಿಸಲಿಲ್ಲ? ಯಾಜಕ ಆ ದೂರನ್ನು ಯೆರೆಮೀಯನ ಮುಂದೆಯೇ ಓದಿಬಿಟ್ಟ. ನಿಮ್ಮ ಕಚೇರಿಗೂ ಇಂಥ ಪತ್ರ ದಿನಾ ಬರುತ್ತಿರಬೇಕು. ನನ್ನದು ಆ ಜಾತಿಯದಲ್ಲ.

ನಮ್ಮ ಪೋಸ್ಟ್‌ಮಾಸ್ತರರು ಶರಣರ ವಚನಗಳಲ್ಲಿ ಮುಳುಗಿದವರಾಗಿದ್ದರು. ಅವರ ಹತ್ತಿರ ನಾನು ಒಂದು ಕಲಿತೆ. ಕನ್ನಡ ಬೈಬಲ್ಲಿನಲ್ಲೂ ಸಾಲುಗಳಿಗೆ ವಚನ ಅಂತಲೇ ಹೆಸರು, ಹಾಗಾಗಿ ನಿಮ್ಮ ಚೌಕಟ್ಟಿನಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಒಂದೇ ಅಲ್ಲ. ಶರಣರ ವಚನ ಇಡಿಯಾಗಿ ಹುಟ್ಟಿದ್ದು, ಕೊನೆಗೆ ಅಂಕಿತ ಬಿದ್ದು ಮುಗಿಯುತ್ತದೆ, ಸಹಿ ಮೊಹರು ಆದ ಕಾಗದದ ಹಾಗೆ. ಅದನ್ನು ಎಲ್ಲಿ ಇಟ್ಟರೂ ನಿಲ್ಲುತ್ತದೆ. ಬೈಬಲ್ಲಿನ ವಚನ ಅಂದರೆ ಬರೀ ನಂಬರು. ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಪೌಲ ಪತ್ರ ಬರೆಯುವಾಗ ಆ ನಂಬರ್ ಇರಲಿಲ್ಲ. ಅಧ್ಯಾಯಗಳನ್ನು ಹೀಗೆ ಪಾಲು ಮಾಡಿದ್ದು 13ನೇ ಶತಮಾನದಲ್ಲಿ, ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಹಾಕಿದ್ದು ರೊಬೇರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ನನಗೆ ಅದು ಪಿನ್‌ಕೋಡ್ ಇದ್ದ ಹಾಗೆ. 1972ರಲ್ಲಿ ಪಿನ್‌ಕೋಡ್ ಬಂದದ್ದರಿಂದ ನಮಗೆ ಪತ್ರ ವಿಂಗಡಿಸಲು ಬಹಳ ಅನುಕೂಲ ಆಯಿತು, ಆದರೆ 582101 ಅಂದರೆ ಗದಗ ಊರೇ ಅಂತ ಯಾರೂ ತಿಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಷ್ಟದ ವಚನಗಳ ಮಾತು ಎತ್ತಲೇಬೇಕು. ನಮ್ಮ ಕ್ಯಾಲೆಂಡರ್‌ಗಳಲ್ಲಿ ಎಂದೂ ಬಾರದವು ಅವು.

88ನೇ ಕೀರ್ತನೆ ಅಂಥದ್ದು. ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ ಇಂಥ ಹಾಡು 150 ಇವೆ. ಗೋಳಾಡುವ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ತಿರುಗಿ, ಆದರೂ ನಿನ್ನನ್ನು ಹಾಡುತ್ತೇನೆ ಅನ್ನುತ್ತವೆ. ಇದು ತಿರುಗುವುದಿಲ್ಲ. ಹಗಲು ರಾತ್ರಿ ಕೂಗಿದೆ, ನೀನು ಮುಖ ಮರೆಸಿಕೊಂಡೆ, ನನ್ನ ಪ್ರೀತಿಯವರನ್ನೆಲ್ಲ ದೂರ ಮಾಡಿದೆ, ಉಳಿದದ್ದು ಕತ್ತಲು. ಅಲ್ಲಿಗೆ ಮುಗಿಯಿತು. ಹಲ್ಲೆಲೂಯಾ ಇಲ್ಲ, ಏನೂ ಇಲ್ಲ.

ಅವಳು ಆಸ್ಪತ್ರೆಯಲ್ಲಿದ್ದಾಗ ಬೇರೆ ಊರಿನಿಂದ ಒಬ್ಬರು ಪ್ರಾರ್ಥನೆ ಮಾಡಲು ಬಂದಿದ್ದರು. ಹೆಸರು ಬೇಡ. ಜೋರಾಗಿ ಪ್ರಾರ್ಥನೆ ಮಾಡಿ, ಹೋಗುವಾಗ ಅವಳ ಕಿವಿಯ ಹತ್ತಿರ ಬಗ್ಗಿ ನಂಬಿಕೆ ಇನ್ನೂ ಜಾಸ್ತಿ ಬೇಕು ತಾಯಿ, ಏನೋ ಅಡ್ಡಿ ಇದೆ ಅಂದರು. ಕೈಗೆ ಸೂಜಿ ಚುಚ್ಚಿಕೊಂಡು ಮಲಗಿದವಳಿಗೆ! ಆ ರಾತ್ರಿ ಅವಳು ಮಾತಾಡಲಿಲ್ಲ. ಮಾರನೇ ದಿನ, "ಎಂಬತ್ತೆಂಟು ಓದ್ರಿ" ಅಂದಳು. ನಾನು 91 ತೆಗೆದೆ, ಅದು ಆಸ್ಪತ್ರೆಗೆ ಸರಿಯಾದ ಕೀರ್ತನೆ ಅಂತ. "ಅದಲ್ರೀ, ಎಂಬತ್ತೆಂಟು." ಓದಿದೆ. ಕೊನೆಯ ಸಾಲು ಬಂದಾಗ ನನ್ನ ದನಿ ಸಣ್ಣದಾಯಿತು, ಮುಂದೆ ಏನಾದರೂ ಸೇರಿಸಬೇಕು ಅನಿಸಿತು. ಅವಳು ಕಣ್ಣು ಮುಚ್ಚಿಕೊಂಡೇ, "ಇದೊಂದು ನನ್ನ ಮ್ಯಾಲೆ ತಪ್ಪು ಹೊರಸೂದಿಲ್ಲ ನೋಡ್ರಿ" ಅಂದಳು. ಆಮೇಲೆ ಸ್ವಲ್ಪ ಗಂಜಿ ಕುಡಿದಳು.

ಆ ಪ್ರಾರ್ಥನೆಯವರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಕ್ಷಮಿಸಬೇಕು ಅಂತ ಗೊತ್ತು, ಆಗಿಲ್ಲ. ಅವರೂ ಯೋಬನ ಪುಸ್ತಕ ಓದಿಯೇ ಇರುತ್ತಾರೆ. ಎಲ್ಲ ಕಳೆದುಕೊಂಡು ಕೂತಿದ್ದ ಯೋಬನ ಮೂವರು ಗೆಳೆಯರು ಬಂದು ಏಳು ದಿನ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತರು, ಅಲ್ಲಿಗೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಬಾಯಿ ತೆರೆದರು. ನೀನೇನೋ ತಪ್ಪು ಮಾಡಿರಬೇಕು ಎಂದು ಪುಟಗಟ್ಟಲೆ ಹೇಳಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ತನ್ನ ಜೊತೆ ಜಗಳ ಆಡಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ಮಾಡಿದ ಆ ಮೂವರ ಮೇಲೆ. ನೀವು ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅನ್ನುತ್ತಾನೆ.

137ನೇ ಕೀರ್ತನೆ ಇನ್ನೂ ಕಷ್ಟ. ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು, ಕಿನ್ನರಿಗಳನ್ನು ಮರಕ್ಕೆ ನೇತು ಹಾಕಿದೆವು ಎಂದು ಶುರುವಾಗುವುದು. ಅಲ್ಲಿಯವರೆಗೆ ಕೇಳಲು ಚೆನ್ನ. ಕೊನೆಯ ವಚನ ಸಭೆಯಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ಬಾಬೆಲೇ, ನಿನ್ನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯನು ಅನ್ನುತ್ತದೆ. ಇದು ದೇವರ ವಾಕ್ಯವೇ? ಸಂಡೇ ಸ್ಕೂಲಿನಲ್ಲಿದ್ದಾಗ ಇದನ್ನು ಕೇಳಿ ಟೀಚರ್ ಕೈಲಿ ಬೈಸಿಕೊಂಡಿದ್ದೆ.

ಉತ್ತರ ಸಿಕ್ಕಿದ್ದು ಬೀಟಿನ ಮೇಲೆ. ಒಬ್ಬ ವಿಧವೆ, ಇನ್ನೂ ಸಣ್ಣ ವಯಸ್ಸು, ಗಂಡನ ಅಣ್ಣ ಹೊಲ ತನ್ನ ಹೆಸರಿಗೆ ಬರೆಸಿಕೊಂಡು ಹುಬ್ಬಳ್ಳಿಗೆ ಹೋಗಿ ಕೂತಿದ್ದ. ಇನ್‌ಲ್ಯಾಂಡ್ ತಂದು, ಬರೀ ಅಂದಳು. ನಾನು ರೂಢಿಯಂತೆ "ತೀರ್ಥರೂಪು ಸಮಾನರಾದ" ಅಂತ ಶುರು ಮಾಡಿದೆ. "ಏನು ಬರದಿ?" ಹೇಳಿದೆ. "ಹೊಡಿ ಅದನ್ನ." ಹೊಡೆದೆ. ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ, ನೀವೂ ಅಚ್ಚು ಹಾಕಲಾರಿರಿ. ಅವನ ಬಾಯಿಗೆ ಮಣ್ಣು ಬೀಳಲಿ ಅನ್ನೋದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು. ಅವನ ಮಕ್ಕಳನ್ನೂ ಬಿಡಲಿಲ್ಲ. ನನ್ನ ಪೆನ್ನು ನಿಂತಿತು. "ಬರೀ. ಹೇಳಿದಷ್ಟು ಬರೀ." ಬರೆದೆ. ಮೂರೂ ಮಗ್ಗುಲು ತುಂಬಿತು. ಅಂಟು ಹಚ್ಚಿ ಮಡಚಿ, ವಿಳಾಸ ಹೇಳು ಅಂದೆ. ಬೇಡ ಅಂದಳು. ಆ ಇನ್‌ಲ್ಯಾಂಡ್ ಒಯ್ದು ದ್ಯಾಮವ್ವನ ಗುಡಿಯ ಗೂಡಿನಲ್ಲಿ ಇಟ್ಟು ಬಂದಳು. ಅದು ಹುಬ್ಬಳ್ಳಿಗೆ ಹೋಗಲೇ ಇಲ್ಲ. ಅವಳು ಕೊಡಲಿಯನ್ನೂ ಎತ್ತಲಿಲ್ಲ. ಆ ವರ್ಷ ಕೂಲಿಗೆ ಹೋದಳು, ಮಕ್ಕಳನ್ನು ಸಾಲಿಗೆ ಹಾಕಿದಳು.

ಅವಳು ದ್ಯಾಮವ್ವನ ಭಕ್ತೆ, ನಾನು ಕ್ರೈಸ್ತ, ಆದರೆ 137ನೇ ಕೀರ್ತನೆಯ ಅರ್ಥ ನನಗೆ ಹೇಳಿಕೊಟ್ಟವಳು ಅವಳು. ಅದು ದೇವರು ಕೊಟ್ಟ ಅಪ್ಪಣೆ ಅಲ್ಲ, ದೇವರಿಗೆ ಬರೆದ ಇನ್‌ಲ್ಯಾಂಡು. ತಮ್ಮ ಕೂಸುಗಳನ್ನು ಬಂಡೆಗೆ ಬಡಿದದ್ದನ್ನು ಕಣ್ಣಾರೆ ಕಂಡವರು ಹೇಳಿದ್ದಿರಬೇಕು. ಅದನ್ನು ಯಾರೋ ಹೇಳಿದಷ್ಟು ಬರೆದುಕೊಂಡ, ಚಂದ ಮಾಡಲಿಲ್ಲ. ಮತ್ತೆ ಇದೇ ಬಾಬೆಲಿಗೇ ಯೆರೆಮೀಯನ ಪತ್ರ ಹೋದದ್ದು, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಎಂದು. ಎರಡನ್ನೂ ಒಂದೇ ಪುಸ್ತಕದಲ್ಲಿ ಹೊಲಿದಿಟ್ಟಿದ್ದಾರೆ, ಒಂದನ್ನು ಕಿತ್ತು ಹಾಕಿಲ್ಲ.

ಎಲ್ಲದಕ್ಕೂ ಹೀಗೆ ದಾರಿ ಸಿಗುತ್ತದೆ ಅಂತಲ್ಲ. ಎಲೀಷ ಎಂಬ ಪ್ರವಾದಿಯನ್ನು ಬೋಳುತಲೆಯವನೇ ಎಂದು ಹಾಸ್ಯ ಮಾಡಿದ 42 ಹುಡುಗರನ್ನು ಎರಡು ಕರಡಿಗಳು ಸೀಳಿದ ಕಥೆ ಎರಡನೆಯ ಅರಸುಗಳ ಪುಸ್ತಕದಲ್ಲಿದೆ. ನನ್ನದೂ ಬೋಳುತಲೆಯೇ, ಓಣಿಯ ಹುಡುಗರು ಸುಮ್ಮನಿರುವವರಲ್ಲ, ಹಾಗಂತ ಕರಡಿ ಬೇಕು ಅಂತ ನನಗೆಂದೂ ಅನಿಸಿಲ್ಲ. ಅರಸ ಸೌಲನಿಗೆ ದೇವರ ಹೆಸರಿನಲ್ಲಿ, ಶತ್ರುಗಳಾದ ಅಮಾಲೇಕ್ಯರ ಹೆಂಗಸು ಮಕ್ಕಳನ್ನೂ ಬಿಡಬೇಡ ಎಂದು ಹೇಳಿದ್ದನ್ನು ಯಾರಾದರೂ ಸರಿ ಅಂತ ಪ್ರಸಂಗ ಮಾಡಿದರೆ ನಾನು ಎದ್ದು ಚಪ್ಪಲಿ ಹಾಕಿಕೊಳ್ಳುತ್ತೇನೆ. ಒಂದು ಸಲ ಹಾಕಿಕೊಂಡೂ ಇದ್ದೇನೆ.

ಇನ್ನು ಧೈರ್ಯದ ವಚನಗಳು. ಫಿಲಿಪ್ಪಿ ಎಂಬ ಊರಿನ ಸಭೆಯವರಿಗೆ ಪೌಲ ಬರೆದ ಪತ್ರದ 4ನೇ ಅಧ್ಯಾಯ, 13ನೇ ವಚನ. ನನಗೆ ಬಲ ಕೊಡುವಾತನಲ್ಲಿದ್ದು ಎಲ್ಲವನ್ನೂ ಮಾಡಬಲ್ಲೆ ಅನ್ನುವ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವ ಮಕ್ಕಳ ರಟ್ಟಿನ ಮೇಲೆ ಇದು ಇರುತ್ತದೆ. ನನ್ನ ಮೊಮ್ಮಗ ಗಣಿತಕ್ಕೆ ಇದನ್ನೇ ನಂಬಿ ಕೂತಿದ್ದ, ಬಂದದ್ದು 37. ಮೇಲಿನ ವಚನ ಓದಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಪೌಲ ಹೇಳುತ್ತಿರುವುದು ಗೆಲ್ಲುವ ಮಾತಲ್ಲ. ಹೊಟ್ಟೆ ತುಂಬಿದ್ದೂ ಗೊತ್ತು, ಹಸಿದಿದ್ದೂ ಗೊತ್ತು, ಎರಡನ್ನೂ ತಡೆದುಕೊಳ್ಳುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಬರೆಯುತ್ತಿರುವುದು ಬೇಡಿ ಹಾಕಿಸಿಕೊಂಡು, ಸೆರೆಯಲ್ಲಿ ಕೂತು.

ಈ ಪತ್ರ ನನಗೆ ಬಹಳ ಹತ್ತಿರದ್ದು, ಕಾರಣ ಎಪಫ್ರೊದೀತ. ಇವನ ಬಗ್ಗೆ ಯಾರೂ ಪ್ರಸಂಗ ಮಾಡುವುದಿಲ್ಲ. ಫಿಲಿಪ್ಪಿಯ ಸಭೆಯವರು ಸೆರೆಯಲ್ಲಿದ್ದ ಪೌಲನಿಗೆ ಒಂದಿಷ್ಟು ಸಾಮಾನು ಕಳಿಸಿದರು, ಹೊತ್ತು ತಂದವನು ಇವನು. ತಂದವನು ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋದ. ಊರಿನವರಿಗೆ ತನ್ನ ಕಾಯಿಲೆಯ ಸುದ್ದಿ ಗೊತ್ತಾಯಿತು ಎಂದು ಇವನಿಗೆ ಇನ್ನೂ ಸಂಕಟ. ಪೌಲ ಅವನನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಬರೆದು ವಾಪಸ್ ಕಳಿಸಿದ. 4ನೇ ಅಧ್ಯಾಯದ 18ನೇ ವಚನದಲ್ಲಿ, ಎಪಫ್ರೊದೀತನ ಕೈಯಲ್ಲಿ ನೀವು ಕಳಿಸಿದ್ದು ಮುಟ್ಟಿತು, ನನಗೆ ಬೇಕಾದಷ್ಟಾಯಿತು ಎಂದಿದ್ದಾನೆ. ಅದು ಮನಿ ಆರ್ಡರಿನ ರಸೀದಿ, ಸಂಪಾದಕರೇ. ಫಾರ್ಮಿನ ಕೆಳಗಿನ ತುಂಡಿನ ಮೇಲೆ ಹೆಬ್ಬೆಟ್ಟು ಒತ್ತಿಸಿ, ಕಳಿಸಿದವರಿಗೆ ವಾಪಸ್ ಹಚ್ಚುತ್ತಿದ್ದೆವಲ್ಲ, ಅದೇ. ಎಲ್ಲವನ್ನೂ ಮಾಡಬಲ್ಲೆ ಎಂಬ ದೊಡ್ಡ ಮಾತು ಆ ರಸೀದಿಯಿಂದ ಐದು ಸಾಲು ಮೇಲಿದೆ. ದೊಡ್ಡ ಮಾತಿಗೂ ಪಕ್ಕದಲ್ಲಿ ಯಾರೋ ಕಳಿಸಿದ ಬುತ್ತಿ ಬೇಕಾಗಿತ್ತು.

ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಹೀಗೇ ಒಬ್ಬ ಇದ್ದಾನೆ. ಹದಿನಾರು ಅಧ್ಯಾಯ ಪೌಲ ಹೇಳಿದ್ದನ್ನು ಬರೆದುಕೊಂಡು ಕೈ ಸೋತವನು, ಕೊನೆಗೆ ತಡೆಯಲಾರದೆ, ಈ ಪತ್ರ ಬರೆದ ತೆರ್ತ್ಯನಾದ ನನ್ನದೂ ವಂದನೆ ಎಂದು ಸೇರಿಸಿಬಿಟ್ಟ. ನಾನೂ ಎಷ್ಟೋ ಪತ್ರದಲ್ಲಿ ಹಾಗೆ ಸೇರಿಸಿದ್ದೇನೆ.

ಕೊನೆಗೆ ಪ್ರವಾದಿ ಹಬಕ್ಕೂಕ. 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತಲ್ಲ, ಆ ವರ್ಷದ ನಮ್ಮ ಸುಗ್ಗಿ ಹಬ್ಬ. ಬೇರೆ ವರ್ಷ ದೇವಾಲಯದ ಮುಂದೆ ಜೋಳದ ತೆನೆ, ಈರುಳ್ಳಿ ಚೀಲ, ಮೆಣಸಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳು, ಜಾಗ ಸಾಲುತ್ತಿರಲಿಲ್ಲ. ಎಲ್ಲ ಹರಾಜಾಗುತ್ತದೆ, ಹತ್ತು ರೂಪಾಯಿ ನಿಂಬೆಹಣ್ಣಿಗೆ ಪೈಪೋಟಿ ಮೇಲೆ ಐನೂರು ಕೂಗುತ್ತಾರೆ. ಆ ವರ್ಷ ಮೇಜಿನ ಮೇಲೆ ಬಟ್ಟೆಯೇ ಜಾಸ್ತಿ ಕಾಣುತ್ತಿತ್ತು. ಒಬ್ಬ ರೈತ ಹೆಸರಿನ ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು ತಂದು ಇಟ್ಟಿದ್ದ, ಕಾಯಿ ಇಲ್ಲದ್ದು. ಪಾದ್ರಿ ಅಯ್ಯನವರು ಆವತ್ತು ಪ್ರಸಂಗ ಮಾಡಲಿಲ್ಲ. ಹಬಕ್ಕೂಕ 3ನೇ ಅಧ್ಯಾಯದ 17, 18ನೇ ವಚನ ಓದಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ, ನಾನು ಯೆಹೋವನಲ್ಲಿ ಸಂತೋಷಪಡುವೆನು. ಈ ಮಾತನ್ನು ನೂರು ಸಲ ಕೇಳಿದ್ದೆ. ಆವತ್ತು ಒಂದೊಂದು 'ಇಲ್ಲದಿದ್ದರೂ' ಬಂದಾಗಲೂ ಆ ಒಣಗಿದ ಗಿಡದ ಕಡೆ ಎಲ್ಲರ ಕಣ್ಣು ಹೋಗುತ್ತಿತ್ತು. ಕೊನೆಯ ಸಾಲನ್ನು ಮಾತ್ರ ಕತ್ತರಿಸಿ ಕಾರ್ಡಿನ ಮೇಲೆ ಹಾಕಿದರೆ ಅದು ಸುಮ್ನೆ ನಗುಮುಖದ ಮಾತು.

ಹರಾಜಿನಲ್ಲಿ ಆ ಗಿಡಕ್ಕೂ ಕೂಗಿದರು. ನಾನು 300ಕ್ಕೆ ಬಿಟ್ಟೆ, ಇನ್ಯಾರೋ ತೆಗೆದುಕೊಂಡರು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಚೌಕಟ್ಟು ನಿಲ್ಲಿಸಬೇಡಿ. ಬೈಬಲ್ ಸರದಿ ಬಂದಾಗ ಒಂದು ಸಾಲಿನ ಬದಲು ನಾಲ್ಕು ಸಾಲು ಹಾಕಿ. ಜಾಗ ಸಾಲದಿದ್ದರೆ ಸೂರ್ಯನ ಚಿತ್ರ ತೆಗೆಯಿರಿ, ಅವನು ಹೇಗೂ ದಿನಾ ಬರುತ್ತಾನೆ.

ಹೋದ ಡಿಸೆಂಬರ್ 31ಕ್ಕೆ ನಾನೊಂದು ಕಿತಾಪತಿ ಮಾಡಿದೆ. ಮನೆಯಲ್ಲಿ ಉಳಿದಿದ್ದ ಹಳೆಯ ಪೋಸ್ಟ್‌ಕಾರ್ಡನ್ನು ಆ ವಾಗ್ದಾನದ ಕಾರ್ಡಿನ ಅಳತೆಗೆ ಮೂರು ತುಂಡು ಮಾಡಿ, ನನ್ನದೇ ಅಕ್ಷರದಲ್ಲಿ ಬರೆದೆ. ಒಂದರ ಮೇಲೆ 88ನೇ ಕೀರ್ತನೆಯ ಕೊನೆಯ ಸಾಲು. ಒಂದರ ಮೇಲೆ ಯೆರೆಮೀಯನ ಹತ್ತು, ಹನ್ನೊಂದು ಎರಡೂ. ಮೂರನೆಯದರ ಮೇಲೆ ಯೋಹಾನ 11:35, "ಯೇಸು ಕಣ್ಣೀರು ಬಿಟ್ಟನು". ಆರಾಧನೆಗೆ ಮುಂಚೆ ತಟ್ಟೆಯಲ್ಲಿ ಸೇರಿಸಿದೆ. ಎಲ್ಲರೂ ತೆಗೆದುಕೊಂಡು ಹೋದ ಮೇಲೆ ನೋಡಿದರೆ ತಟ್ಟೆಯಲ್ಲಿ ಏಳೆಂಟು ಕಾರ್ಡು ಉಳಿದಿದ್ದವು, ಅದರಲ್ಲಿ ನನ್ನವು ಮೂರೂ ಇರಲಿಲ್ಲ. ಯಾರಿಗೆ ಹೋದವೋ ಗೊತ್ತಿಲ್ಲ. ಇದುವರೆಗೆ ಯಾರೂ ವಾಪಸ್ ತಂದಿಲ್ಲ.

ಪತ್ರ ಬಹಳ ಉದ್ದವಾಯಿತು, ನೀವು ಕತ್ತರಿ ಹಾಕುತ್ತೀರಿ ಅಂತ ಗೊತ್ತು. ಕರಡಿಯ ಮಾತು ತೆಗೆಯಿರಿ, ಪಿನ್‌ಕೋಡಿನದ್ದೂ ತೆಗೆಯಿರಿ, ಬೇಜಾರಿಲ್ಲ. ಆ ಇನ್‌ಲ್ಯಾಂಡಿನ ಹೆಂಗಸಿನದ್ದು ಮಾತ್ರ ಹಾಗೇ ಬಿಡಿ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್
ಗದಗ-ಬೆಟಗೇರಿ